ಇಲಿ ಪಾಷಾಣಕ್ಕಿಂತ ಮೊದಲು ಗಾರೆ ಕೆಲಸ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆಯ ಮುಂದೆ ರಂಗೋಲಿ ಹಾಕುವ ಬೀದಿ ಇರುತ್ತದೆ, ಹಿಂದೆ ಕನ್ಸರ್ವೆನ್ಸಿ ಇರುತ್ತದೆ. ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಚಾಮರಾಜಪುರಂ, ಎಲ್ಲಿ ಹೋದರೂ ಎರಡು ಸಾಲು ಮನೆಗಳ ಹಿತ್ತಲ ಗೋಡೆ ನಡುವೆ ಈ ಕಿರಿದಾದ ಗಲ್ಲಿ ಸಿಗುತ್ತದೆ. ಹೊರಗಿನಿಂದ ಬಂದವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರೂ ಹಿಂಬಾಗಿಲಿಗೆ ಚಿಲಕ ಹಾಕಿ ಅದನ್ನು ಮರೆತುಬಿಟ್ಟಿದ್ದೇವೆ.

ಇಲಿ, ಹೆಗ್ಗಣ, ಜಿರಳೆ ಬಗ್ಗೆ ಮಾತಾಡಬೇಕು ಅಂದರೆ ನಾನು ಈ ಗಲ್ಲಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಕಾಣುವ ಇಲಿ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ. ಅದು ಗಲ್ಲಿಯ ಇಲಿ. ಇವತ್ತು ನಮ್ಮನೆ, ನಾಳೆ ಪಕ್ಕದ ಮನೆ, ಆಚೆ ನಾಡಿದ್ದು ಮೂಲೆಯ ಮೆಸ್ಸು. ನಾವು ಮಾತ್ರ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು, ಒಬ್ಬೊಬ್ಬರೇ ಪಾಷಾಣ ಇಟ್ಟು, ಒಬ್ಬೊಬ್ಬರೇ ಬೇಜಾರು ಮಾಡಿಕೊಳ್ಳುತ್ತೇವೆ.

ಈ ಗಲ್ಲಿಗಳಿಗೂ ಇಲಿಗಳಿಗೂ ಹಳೇ ಸಂಬಂಧವಿದೆ. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. 1898ರ ಆಗಸ್ಟ್‌ನಲ್ಲಿ ರೈಲು ಹತ್ತಿ ಬೆಂಗಳೂರು ತಲುಪಿತು. ಮೈಸೂರನ್ನೂ ಬಿಡಲಿಲ್ಲ. ಅಟ್ಟದಿಂದ ಇಲಿ ಸತ್ತು ಬಿತ್ತು ಅಂದರೆ ಸಾಕು, ಜನ ಮನೆ ಖಾಲಿ ಮಾಡಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದೇ 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬರುವುದಕ್ಕೆ ಸ್ವಲ್ಪ ಮುಂಚೆ, ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಅನ್ನುವ ಫ್ರೆಂಚ್ ವೈದ್ಯರು ಈ ರೋಗವನ್ನು ಇಲಿಯಿಂದ ಇಲಿಗೆ ದಾಟಿಸುವುದು ಅದರ ಮೈಮೇಲಿನ ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದ್ದರು. ಇಲಿ ಸತ್ತ ಮೇಲೆ ಅದರ ಮೈ ತಣ್ಣಗಾಗುತ್ತದೆ, ಚಿಗಟ ಬೇರೆ ಬಿಸಿ ಮೈ ಹುಡುಕಿಕೊಂಡು ಮನುಷ್ಯನ ಮೇಲೆ ಹಾರುತ್ತದೆ. ಈ ಮಾತನ್ನು ಜಗತ್ತು ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆ ಬರಿದಾದವು.

ಪ್ಲೇಗಿನ ಭಯ ಇನ್ನೂ ಇದ್ದಾಗಲೇ, 1903ರಲ್ಲಿ, ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಲೆಕ್ಕಾಚಾರ ಹಾಕಿ ಊರು ಕಟ್ಟಲು ಹೊರಟ ಏಷ್ಯಾದ ಮೊದಮೊದಲ ನಗರಗಳಲ್ಲಿ ನಮ್ಮದೂ ಒಂದು. ಅಗಲ ರಸ್ತೆ, ಗಾಳಿ ಬೆಳಕು ಬರುವ ಮನೆ, ಹಿಂದೆ ಕನ್ಸರ್ವೆನ್ಸಿ. ಆ ಗಲ್ಲಿ ಯಾಕಿತ್ತು ಅನ್ನುವುದನ್ನು ಮರೆಮಾಚಬಾರದು. ಹಿತ್ತಲ ಪಾಯಿಖಾನೆಯಿಂದ ಮಲ ಎತ್ತುವವರು ಬಂದು ಹೋಗುವ ದಾರಿ ಅದು. ಆ ಜನ ಮುಂದಿನ ಬೀದಿಯಲ್ಲಿ ಕಾಣಬಾರದು ಎಂದು ಮಾಡಿದ ದಾರಿ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ಮಲ ಹೊರುವ ಪದ್ಧತಿಗೆ ನಿಷೇಧ ತಂದರು. ನಮ್ಮ ರಾಜ್ಯ ಹೆಮ್ಮೆ ಪಡಬೇಕಾದ ಕೆಲಸ ಅದು. ಆಮೇಲೆ ಒಳಚರಂಡಿ ಬಂತು, ಅದರ ಪೈಪು ಅದೇ ಗಲ್ಲಿಯಲ್ಲಿ ಹೋಯಿತು. ಗಲ್ಲಿಗೆ ಬೇರೆ ಕೆಲಸ ಉಳಿಯಲಿಲ್ಲ. ದಾಖಲೆಯಲ್ಲಿ ಅದು ಊರಿನ ಆಸ್ತಿ. ನೋಡಿಕೊಳ್ಳುವವರ ಲೆಕ್ಕದಲ್ಲಿ ಯಾರದ್ದೂ ಅಲ್ಲ.

ಯಾರದ್ದೂ ಅಲ್ಲದ ಜಾಗದಲ್ಲಿ ಏನಾಗುತ್ತದೆ ಅಂತ ನೋಡಬೇಕಾದರೆ ನಮ್ಮ ಕಡೆ ಬನ್ನಿ. ಒಡೆದ ಕಮೋಡು, ಮನೆ ರಿಪೇರಿಯ ಇಟ್ಟಿಗೆ ಚೂರು, ಹಳೇ ಹಾಸಿಗೆ, ತೆಂಗಿನ ಗರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ಅನ್ನ ಸಾರು. ಒಳಚರಂಡಿಯ ಗುಂಡಿ, ಅಂದರೆ ಚೇಂಬರಿನ ಮುಚ್ಚಳ ಮುರಿದಿರುತ್ತದೆ. ಕಲ್ಲು ಕಟ್ಟಿದ ಚರಂಡಿಯ ಸಂದು ಸಡಿಲವಾಗಿರುತ್ತದೆ. ಊಟ, ನೀರು, ಬಿಲ, ಮೂರೂ ಹತ್ತು ಹೆಜ್ಜೆಯೊಳಗೆ. ಇಲಿಗೆ ಇನ್ನೇನು ಬೇಕು?

ಇಲಿ ಅಂತ ಒಂದೇ ಹೆಸರಲ್ಲಿ ಕರೆದರೂ ಊರಲ್ಲಿ ಮುಖ್ಯವಾಗಿ ಮೂರು ಬಗೆಯವು ಇರುತ್ತವೆ. ಮೂರನ್ನೂ ಬೇರೆ ಬೇರೆ ಮಾಡಿ ನೋಡದೆ ಕೆಲಸಕ್ಕೆ ಇಳಿದರೆ ದುಡ್ಡೂ ಹೋಗುತ್ತದೆ, ಇಲಿಯೂ ಹೋಗುವುದಿಲ್ಲ. ಹೆಗ್ಗಣ ನೆಲದ್ದು. ಚರಂಡಿ ಗೋಡೆ, ಮೋರಿ, ಅಡಿಪಾಯದ ಪಕ್ಕ ಬಿಲ ತೋಡುತ್ತದೆ, ಬಿಲದ ಬಾಯಲ್ಲಿ ಮಣ್ಣಿನ ಗುಡ್ಡೆ ಹಾಕುತ್ತದೆ. ಫುಟ್‌ಪಾತಿನ ಕಲ್ಲು ಕುಸಿಯುವುದಕ್ಕೆ, ಕಾಂಪೌಂಡು ವಾಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮನೆ ಇಲಿ ಮೇಲಿನದ್ದು. ಉದ್ದ ಬಾಲ, ಹತ್ತುವುದರಲ್ಲಿ ಚುರುಕು. ಪೈಪು, ಕೇಬಲ್ಲು, ತೆಂಗಿನ ಮರ, ಹೆಂಚಿನ ಸಂದು ಅದರ ದಾರಿ. ಚಿಟ್ಟಿಲಿ ಒಳಗಿನದ್ದು. ಬೀರು, ಸೋಫಾ, ಫ್ರಿಡ್ಜಿನ ಹಿಂಭಾಗ ಅದಕ್ಕೆ ಸಾಕು. ತಿನ್ನುವ ಕಾಳಿನಲ್ಲಿರುವ ತೇವದಲ್ಲೇ ದಿನ ತಳ್ಳುತ್ತದೆ, ಬೇರೆ ನೀರೂ ಬೇಕಿಲ್ಲ. ಇವುಗಳ ಜೊತೆ ಮೂಗಿಲಿಯನ್ನು ಸೇರಿಸಬೇಡಿ. ಉದ್ದ ಮೂತಿ, ಚಿಕ್ ಚಿಕ್ ಸದ್ದು, ಕೆಟ್ಟ ವಾಸನೆ. ಆದರೆ ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳ ಹಿಡಿದು ತಿನ್ನುವ ಪ್ರಾಣಿ. ಇಲಿ ಅಂದುಕೊಂಡು ಅದನ್ನು ಹೊಡೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಇಲಿ ಇದೆಯಾ ಅಂತ ತಿಳಿಯಲು ಕಣ್ಣಿಗೆ ಬೀಳುವವರೆಗೆ ಕಾಯಬೇಕಿಲ್ಲ. ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ. ಹೊಸದು ಮೆತ್ತಗೆ, ಹೊಳೆಯುತ್ತಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಇಲಿ ಬಯಲಲ್ಲಿ ಓಡಲು ಹೆದರುತ್ತದೆ. ಗೋಡೆಗೆ ಮೈ ಒತ್ತಿಕೊಂಡೇ ದಿನಾ ಒಂದೇ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ ಗೋಡೆಯ ಬುಡದಲ್ಲಿ ಎಣ್ಣೆ ಜಿಡ್ಡಿನ ಕಪ್ಪು ಗೆರೆ ಬೀಳುತ್ತದೆ. ಬಿಲದಲ್ಲಿ ಇಲಿ ಇದೆಯೋ ಇಲ್ಲವೋ ತಿಳಿಯಲು ಸಂಜೆ ಅದರ ಬಾಯಿಗೆ ಹಳೇ ಪೇಪರ್ ತುರುಕಿ ಬಿಡಬೇಕು. ಬೆಳಗ್ಗೆ ಪೇಪರ್ ಹೊರಗೆ ಬಿದ್ದಿದ್ದರೆ ಬಿಲದಲ್ಲಿ ವಾಸ ಇದೆ ಅಂತ ಅರ್ಥ. ನಮ್ಮ ಗಲ್ಲಿಯಲ್ಲಿ ಇದನ್ನು ಮಕ್ಕಳೇ ಮಾಡಿದರು. ಕೈಗೆ ಗ್ಲೌಸ್ ಹಾಕಿಸಿ, ಜೊತೆಗೆ ದೊಡ್ಡವರೊಬ್ಬರು ನಿಂತು, ವಾಸವಿದ್ದ ಬಿಲದ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಆವತ್ತೇ ಗಲ್ಲಿಯ ಎರಡೂ ಕಡೆಯವರು ಮೊದಲ ಸಲ ಒಟ್ಟಿಗೆ ಹಿಂದಕ್ಕೆ ಬಂದು ನಿಂತು ಮಾತಾಡಿದ್ದು.

ಕೊಂದರೆ ಮುಗಿಯುವುದಿಲ್ಲವಾ ಅಂತ ಅಲ್ಲಿ ಎಲ್ಲರೂ ಕೇಳಿದರು. ಮುಗಿಯುವುದಿಲ್ಲ. ಇಲಿಯ ಗರ್ಭ ಮೂರು ವಾರದ್ದು. ಒಂದು ಸೂಲಿಗೆ ಆರೇಳು ಮರಿ ಮಾಮೂಲು. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕುತ್ತವೆ. ಒಂದು ಜಾಗದಲ್ಲಿ ಎಷ್ಟು ಇಲಿ ಇರಬೇಕು ಅನ್ನುವುದನ್ನು ಅಲ್ಲಿ ಸಿಗುವ ಊಟ ಮತ್ತು ಬಿಲ ನಿರ್ಧರಿಸುತ್ತವೆ. ಅರ್ಧ ಕೊಂದರೆ ಉಳಿದ ಅರ್ಧಕ್ಕೆ ಊಟ ಜಾಸ್ತಿ ಸಿಗುತ್ತದೆ, ಮರಿಗಳು ಜಾಸ್ತಿ ಬದುಕುತ್ತವೆ. ಖಾಲಿಯಾದ ಬಿಲಕ್ಕೆ ಪಕ್ಕದ ಬೀದಿಯಿಂದ ಹೊಸವು ಬರುತ್ತವೆ. ಸ್ವಲ್ಪ ಸಮಯದಲ್ಲಿ ಎಲ್ಲ ಮೊದಲಿನಂತೆ. ಅದಕ್ಕೇ ನಾನು ಹೇಳುವುದು: ಮೊದಲು ಗಾರೆ ಕೆಲಸದವರನ್ನು ಕರೆಯಿರಿ, ಪಾಷಾಣದ ಮಾತು ಆಮೇಲೆ.

ನಮ್ಮ ಗಲ್ಲಿಗೆ ಬಂದ ಮೇಸ್ತ್ರಿ ಬಿಲಗಳನ್ನು ನೋಡಿದವರೇ, "ಅಕ್ಕಾ, ಬರೀ ಸಿಮೆಂಟ್ ಮೆತ್ತಿದ್ರೆ ರಾತ್ರಿ ಹಸಿ ಇರುವಾಗಲೇ ತೋಡಿ ಹಾಕ್ತವೆ. ಗಾಜಿನ ಚೂರು ಸೇರಿಸಬೇಕು, ಒಳಗೆ ಕಲ್ಲು ಜಡಿಯಬೇಕು" ಅಂದರು. ಅವರು ಹೇಳಿದ್ದು ಸರಿ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದು ಸದಾ ಏನನ್ನಾದರೂ ಕಡಿಯುತ್ತಲೇ ಇರುತ್ತದೆ. ಮರ, ಪ್ಲಾಸ್ಟಿಕ್, ಥರ್ಮಾಕೋಲ್, ತೆಳು ಸೀಸದ ಪೈಪು, ಹಸಿ ಗಾರೆ ಯಾವುದೂ ತಡೆಯುವುದಿಲ್ಲ. ಗಟ್ಟಿಯಾದ ಕಾಂಕ್ರೀಟು, ಕಡಪ ಕಲ್ಲು, ತಗಡು, ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ತಡೆಯುತ್ತವೆ. ಮೇಸ್ತ್ರಿ ಬಿಲದೊಳಗೆ ಜಲ್ಲಿ ತುಂಬಿ, ಗುದ್ದಿ, ಗಾಜಿನ ಚೂರು ಬೆರೆಸಿದ ಗಾರೆ ಹಾಕಿ, ಮೇಲೆ ರಾತ್ರಿ ಪೂರ್ತಿ ಚಪ್ಪಡಿ ಹೇರಿದರು. ಆ ಬಿಲಗಳು ಮತ್ತೆ ಬಾಯಿ ಬಿಡಲಿಲ್ಲ.

ಮನೆಯೊಳಗಿನ ಕೆಲಸ ಇನ್ನೂ ಸೂಕ್ಷ್ಮ. ಚಿಟ್ಟಿಲಿಗೆ 6 ಮಿಲಿಮೀಟರ್ ಸಂದು ಸಾಕು. ಒಂದು ಪೆನ್ಸಿಲ್ ಹಿಡಿದು ಮನೆ ಸುತ್ತಿ. ಪೆನ್ಸಿಲ್ ತೂರುವ ಕಡೆಯೆಲ್ಲ ಚಿಟ್ಟಿಲಿ ತೂರುತ್ತದೆ. ಹಿಂಬಾಗಿಲ ಕೆಳಗಿನ ಸಂದು ಎಲ್ಲರ ಮನೆಯಲ್ಲೂ ಇದೆ. ಬಾಗಿಲ ಬುಡಕ್ಕೆ ಒಂದು ತಗಡಿನ ಪಟ್ಟಿ ಹೊಡೆಸಿದರೆ ಆಯಿತು. ಸಿಂಕಿನ ಪೈಪು ಗೋಡೆ ದಾಟುವ ಜಾಗ, ಎಸಿ ಪೈಪು ಹೋಗುವ ತೂತು, ಕೇಬಲ್ಲಿನವರು ಕೊರೆದು ಹಾಗೇ ಬಿಟ್ಟ ತೂತು, ಬಚ್ಚಲ ಮೋರಿ, ಇವನ್ನೆಲ್ಲ ನೋಡಬೇಕು. ಬಚ್ಚಲಿನ ನೀರು ಹೋಗುವ ಬಾಯಲ್ಲಿ ನಹಾನಿ ಟ್ರ್ಯಾಪ್ ಅನ್ನುವ ಬಟ್ಟಲು ಇದ್ದು ಅದರಲ್ಲಿ ನೀರು ನಿಂತಿದ್ದರೆ ಕೆಳಗಿನಿಂದ ಜಿರಳೆ ಬರುವುದು ಕಷ್ಟ. ಬಳಸದ ಬಚ್ಚಲಲ್ಲಿ ಆ ನೀರು ಆರಿಹೋಗುತ್ತದೆ. ಅತಿಥಿಗಳ ಕೋಣೆಯ ಬಚ್ಚಲಲ್ಲೇ ಜಿರಳೆ ಜಾಸ್ತಿ ಕಾಣುವುದು ಅದಕ್ಕೇ. ವಾರಕ್ಕೊಂದು ಚೊಂಬು ನೀರು ಸುರಿದರೆ ಸಾಕು. ನಾಡ ಹೆಂಚಿನ ಮನೆಗಳಿದ್ದರೆ ಸೂರಿನ ಅಂಚಿಗೆ ಜಾಲರಿ ಬೇಕು, ಸೂರಿಗೆ ತಾಗುವ ಕೊಂಬೆ ಕಡಿಯಬೇಕು.

ಇನ್ನು ಊಟದ ವಿಷಯ. ಇದು ಮನುಷ್ಯರ ಮನಸ್ಸಿಗೆ ಸಂಬಂಧಪಟ್ಟ ಕೆಲಸ, ಹಾಗಾಗಿ ಗಾರೆಗಿಂತ ಕಷ್ಟ. ನಮ್ಮ ಬೀದಿ ಮೂಲೆಯಲ್ಲಿ ಒಂದು ಮೆಸ್ಸಿದೆ. ಒಳ್ಳೆಯ ಊಟ, ವಿದ್ಯಾರ್ಥಿಗಳಿಗೆ ಕಡಿಮೆ ದುಡ್ಡಿಗೆ ಹಾಕುತ್ತಾರೆ. ರಾತ್ರಿ ಎಲ್ಲ ಮುಗಿದ ಮೇಲೆ ಎಂಜಲೆಲೆಯ ಡಬ್ಬ ಹಿಂದಿನ ಗಲ್ಲಿಗೆ ಬರುತ್ತಿತ್ತು. ಕಸದ ಗಾಡಿ ಬರುವುದು ಬೆಳಗ್ಗೆ. ನಡುವಿನ ಅಷ್ಟೂ ಹೊತ್ತು ಇಲಿಗಳದ್ದು. ನಾವು ಜಗಳಕ್ಕೆ ಹೋಗಲಿಲ್ಲ. ಹೋಗಿ ಕೂತು, "ಅಣ್ಣಾ, ಡಬ್ಬ ಒಳಗೇ ಇಟ್ಟುಕೊಂಡು ಬೆಳಗ್ಗೆ ನೇರ ಗಾಡಿಗೆ ಕೊಟ್ರೆ ಹೇಗೆ?" ಅಂತ ಕೇಳಿದೆವು. "ಒಳಗಿಟ್ರೆ ವಾಸನೆ ಬರತ್ತಲ್ಲಮ್ಮಾ, ಗಿರಾಕಿ ಏನಂತಾರೆ?" ಅಂದರು. ಅದೂ ನಿಜ. ಕೊನೆಗೆ ಬಿಗಿ ಮುಚ್ಚಳದ ದೊಡ್ಡ ಡ್ರಮ್ಮು ತಂದು, ಅಡುಗೆ ಕೋಣೆಯ ಹಿಂದಿನ ಪಡಸಾಲೆಯಲ್ಲಿಟ್ಟರು. ಡ್ರಮ್ಮಿಗೆ ಬೀದಿಯವರೆಲ್ಲ ಸೇರಿ ದುಡ್ಡು ಹಾಕಿದೆವು. ಬೀದಿಯವರು ಯಾಕೆ ಕೊಡಬೇಕು ಎಂದು ಕೆಲವರು ಕೇಳಿದರು. ಇಲಿ ಬೀದಿಯದ್ದು, ಅದಕ್ಕೇ.

ಊರಿನ ಬೇರೆ ಕಡೆಯೂ ಇದೇ ಕತೆ. ಪಾರಿವಾಳಕ್ಕೆಂದು ಚೆಲ್ಲುವ ಕಾಳು, ಬೀದಿ ನಾಯಿಗೆಂದು ಪಾರ್ಕಿನ ಗೇಟಲ್ಲಿ ಸುರಿಯುವ ಅನ್ನ, ಅಶ್ವತ್ಥಕಟ್ಟೆಯ ಮೇಲೆ ಬಿಡುವ ತೆಂಗಿನ ಹೋಳು, ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಹಗಲು ಹಕ್ಕಿ ತಿಂದು ಮಿಕ್ಕಿದ್ದನ್ನು ರಾತ್ರಿ ಇಲಿ ತಿನ್ನುತ್ತದೆ. ಪ್ರಾಣಿಗೆ ಊಟ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ತಟ್ಟೆಯಲ್ಲಿ ಹಾಕಿ, ತಿಂದಾದ ಮೇಲೆ ತಟ್ಟೆ ಎತ್ತಿ.

ಪಾಷಾಣದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಜಿಂಕ್ ಫಾಸ್ಫೈಡ್ ಹಳೇ ಕರಿ ಪುಡಿ, ಕೂಡಲೇ ಕೊಲ್ಲುತ್ತದೆ. ತಿಂದು ಅರ್ಧ ಜೀವವಾಗಿ ಬದುಕಿದ ಇಲಿ ಅದನ್ನು ಮತ್ತೆ ಮುಟ್ಟುವುದಿಲ್ಲ. ಬ್ರೋಮಾಡಿಯೋಲೋನ್ ಅನ್ನುವುದು ಈಗಿನ ಕೇಕು. ಅದರಲ್ಲಿ ಮದ್ದು 0.005 ಶೇಕಡಾ ಮಾತ್ರ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕೆಲವು ದಿನದ ಮೇಲೆ ಕೊಲ್ಲುತ್ತದೆ. ಹಾಗಾಗಿ ಇಲಿಗೆ ಅನುಮಾನ ಬರುವುದಿಲ್ಲ. ಮಗುವೋ ನಾಯಿಯೋ ತಿಂದರೆ ಇದಕ್ಕೆ ವಿಟಮಿನ್ ಕೆ ಮದ್ದಿದೆ, ತಡಮಾಡದೆ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಬೇಕು. ಆದರೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಬೇರೆಯೇ. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಮರುಮದ್ದೇ ಇಲ್ಲ. ಸರ್ಕಾರದ ಸಂಸ್ಥೆಗಳು ಮತ್ತು ಪೆಸ್ಟ್ ಕಂಟ್ರೋಲ್‌ನವರು ತಜ್ಞರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕಾದದ್ದು ಅದು. ಗೋದಾಮಿನ ಕಾಳಿಗೆ ಹೊದಿಕೆ ಮುಚ್ಚಿ ಇಡುವ ಗುಳಿಗೆಯನ್ನು ಮನುಷ್ಯರು ಮಲಗುವ ಮನೆಯಲ್ಲಿ ಇಡುವುದೆಂದರೆ ಕೊಲೆಗೆ ಸಮ. ಯಾರಾದರೂ ನಿಮಗೆ ಸುಮ್ನೆ ಕಾಗದದಲ್ಲಿ ಸುತ್ತಿ ನಾಲ್ಕು ಗುಳಿಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಎಳೆ ಮಗು ಮಲಗಿದೆ ಅಂದುಕೊಂಡು ಯೋಚಿಸಿ.

ಪಾಷಾಣ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ಬೆಕ್ಕು ತಿನ್ನುತ್ತದೆ. ಮೈಸೂರಿನ ಹಳೇ ಕಟ್ಟಡಗಳ ಮಾಡಿನಲ್ಲಿ ಕಣಜ ಗೂಬೆಗಳು ಇನ್ನೂ ಇವೆ. ರಾತ್ರಿಯೆಲ್ಲ ಇಲಿ ಹಿಡಿಯುವುದೇ ಅವುಗಳ ಕೆಲಸ. ಅಪಶಕುನ ಅಂತ ಓಡಿಸುವುದು ಒಂದು ಕಡೆ, ಪಾಷಾಣ ಹಾಕಿ ಕೊಲ್ಲುವುದು ಇನ್ನೊಂದು ಕಡೆ. ಕೇರೆ ಹಾವಿನದ್ದೂ ಇದೇ ಪಾಡು. ಅಂಟಿನ ಹಲಗೆಯಂತೂ ಬೇಡವೇ ಬೇಡ. ಅದರಲ್ಲಿ ಇಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಜೊತೆಗೆ ಹಲ್ಲಿ, ಗುಬ್ಬಿ, ಹಾವಿನ ಮರಿ ಸಿಕ್ಕಿಕೊಳ್ಳುತ್ತವೆ. ಬಳಸಬೇಡಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ರಾಜ್ಯಗಳಿಗೆ ಹೇಳಿದೆ.

ಬೋನು ನನಗೆ ಇಷ್ಟ. ತಾಳ್ಮೆ ಬೇಕು ಅಷ್ಟೇ. ಇಲಿಗೆ ಹೊಸ ವಸ್ತು ಕಂಡರೆ ಭಯ. ಅದಕ್ಕೆ ಮೊದಲ ಕೆಲವು ರಾತ್ರಿ ಬೋನಿನ ಬಾಗಿಲು ಕಟ್ಟಿ ತೆರೆದೇ ಇಟ್ಟು, ಕೊಬ್ಬರಿ ಚೂರೋ ಕಡಲೆಕಾಯಿಯೋ ತಿನ್ನಲು ಬಿಡಬೇಕು. ಭಯ ಹೋದ ಮೇಲೆ ಬಾಗಿಲ ಕಟ್ಟು ಬಿಚ್ಚಬೇಕು. ಬೋನನ್ನು ಕೋಣೆಯ ನಡುವೆ ಇಡಬೇಡಿ, ಗೋಡೆಗೆ ತಾಗಿಸಿ ಅದರ ದಾರಿಯಲ್ಲೇ ಇಡಿ.

ಇಲಿ ಉಚ್ಚೆಯಿಂದ ಬರುವ ಕಾಯಿಲೆಯನ್ನು ನಮ್ಮ ಜನ ಇಲಿ ಜ್ವರ ಅನ್ನುತ್ತಾರೆ, ಡಾಕ್ಟರು ಲೆಪ್ಟೊಸ್ಪೈರೋಸಿಸ್ ಅನ್ನುತ್ತಾರೆ. ಮಳೆಗಾಲದಲ್ಲಿ ಚರಂಡಿ ನೀರು ರಸ್ತೆಗೆ ಹರಿದಾಗ, ಕಾಲಲ್ಲಿ ಸಣ್ಣ ಗಾಯ ಇದ್ದರೆ ಅದರ ಮೂಲಕ ಒಳಗೆ ಹೋಗುತ್ತದೆ. ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಪು ಕಣ್ಣು. ಬೇಗ ಗೊತ್ತಾದರೆ ಮಾಮೂಲಿ ಆಂಟಿಬಯಾಟಿಕ್‌ನಲ್ಲಿ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ, ಲಿವರ್‌ಗೆ ಹೊಡೆತ. ಈ ಅಪಾಯ ಎಲ್ಲರಿಗಿಂತ ಜಾಸ್ತಿ ಇರುವುದು ಚರಂಡಿಗೆ ಇಳಿಯುವ, ಕಸ ಬಾಚುವ ಪೌರಕಾರ್ಮಿಕರಿಗೆ. ಅವರಿಗೆ ಗಮ್‌ಬೂಟು, ಗ್ಲೌಸು ಕೊಟ್ಟಿದ್ದಾರಾ ಎಂದು ನಾವು ಬೀದಿಯವರು ಕೇಳಬೇಕು. ಕೇಳುವ ಹಕ್ಕೂ ನಮಗಿದೆ, ಋಣವೂ ಇದೆ. ಮನೆಯಲ್ಲೂ ಒಣ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಪೇಪರಿನಲ್ಲಿ ಒರೆಸಿ ತೆಗೆಯಿರಿ.

ಜಿರಳೆಯಲ್ಲೂ ಎರಡು ಜಾತಿ ನೆನಪಿಟ್ಟರೆ ಸಾಕು. ದೊಡ್ಡದು, ಕೆಂಗಂದು ಬಣ್ಣದ್ದು, ಚೇಂಬರಿನಿಂದ ಬರುವುದು. ಅದಕ್ಕೆ ಮುಚ್ಚಳ, ಜಾಲರಿ, ನಹಾನಿ ಟ್ರ್ಯಾಪೇ ಮದ್ದು. ಸಣ್ಣದು, ತಿಳಿ ಕಂದು, ಬೆನ್ನ ಮೇಲೆ ಎರಡು ಗೆರೆ ಇರುವುದು ಜರ್ಮನ್ ಜಿರಳೆ. ಅದು ಚರಂಡಿಯದ್ದಲ್ಲ. ಅಂಗಡಿಯ ರಟ್ಟಿನ ಡಬ್ಬ, ತರಕಾರಿ ಕ್ರೇಟು, ಹಳೇ ಮಿಕ್ಸಿಯ ಜೊತೆ ಮನೆಗೆ ಬಂದು ಒಲೆ, ಫ್ರಿಡ್ಜ್ ಮೋಟರಿನ ಬಿಸಿಯಲ್ಲಿ ಸೇರಿಕೊಳ್ಳುತ್ತದೆ. ಒಂದೊಂದು ಮೊಟ್ಟೆ ಕೋಶದಲ್ಲಿ ಮೂವತ್ತರಿಂದ ನಲವತ್ತು ಮರಿ. ಇದಕ್ಕೆ ಸ್ಪ್ರೇ ಹೊಡೆದರೆ ಚದುರಿ ಪಕ್ಕದ ಕೋಣೆಗೆ ಹೋಗುತ್ತದೆ. ಸಂದುಗಳಲ್ಲಿ ಜಿರಳೆ ಮದ್ದಿನ ಜೆಲ್ಲನ್ನು ಕಾಳಿನಷ್ಟು ಚುಕ್ಕೆಯಾಗಿ ಇಟ್ಟರೆ ತಿಂದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆಯಬಾರದು. ಹೊಡೆದರೆ ಜೆಲ್ಲನ್ನು ಅದು ಮುಟ್ಟುವುದಿಲ್ಲ. ವಠಾರದಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಮನೆಯವರೂ ಒಂದೇ ವಾರದಲ್ಲಿ ಮಾಡಿದರೆ ಮಾತ್ರ ಪ್ರಯೋಜನ.

ಸೊಳ್ಳೆಗೆ ಬಂದರೆ, ರೊನಾಲ್ಡ್ ರಾಸ್ ಅವರ ಒಂದು ಸಂಗತಿ ನನಗೆ ತುಂಬ ಇಷ್ಟ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದವರು. ಅದಕ್ಕೂ ಎಷ್ಟೋ ಮುಂಚೆ, 1883ರಲ್ಲಿ, ಬೆಂಗಳೂರಿನಲ್ಲಿ ಸೇನೆಯ ಡಾಕ್ಟರಾಗಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆ ವಿಪರೀತ. ಹುಡುಕಿದರೆ ಕಿಟಕಿ ಹೊರಗಿನ ತೊಟ್ಟಿಯೊಂದರಲ್ಲಿ ಮರಿಗಳು. ತೊಟ್ಟಿಯ ನೀರು ಚೆಲ್ಲಿಸಿದರು, ಕಾಟ ಕಡಿಮೆಯಾಯಿತು. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಇವತ್ತಿಗೂ ಇದೇ ದಾರಿ. ಅದು ಚರಂಡಿಯ ಕೊಳಕು ನೀರಲ್ಲಿ ಬೆಳೆಯುವುದಲ್ಲ. ಡ್ರಮ್ಮು, ಸಂಪು, ಫ್ರಿಡ್ಜ್ ಹಿಂದಿನ ಟ್ರೇ, ಹೂಕುಂಡದ ತಟ್ಟೆ, ಎಳನೀರು ಬುರುಡೆ, ಟೈರು, ಇಂಥ ಕಡೆ ನಿಂತ ತಿಳಿ ನೀರೇ ಅದಕ್ಕೆ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ. ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ತೊಟ್ಟಿಯ ಒಳಮೈ ಉಜ್ಜಬೇಕು. ಹೊಗೆ ಬಿಟ್ಟರೆ ಹಾರುತ್ತಿರುವ ಸೊಳ್ಳೆ ಸಾಯುತ್ತದೆ, ನೀರಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಆದರೂ ಹೊಗೆ ಗಾಡಿ ಬಂದರೆ ಕೆಲಸ ಆಯಿತು ಅಂತ ಜನ ಸಮಾಧಾನ ಪಡುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಮರಿ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಟ್ಟುವ ಜಾಗಕ್ಕೆ 2,000 ರೂಪಾಯಿ ದಂಡ ಗೊತ್ತು ಮಾಡಿತು. ಬಾಗಿಲು ಹಾಕಿದ ಕ್ವಾರ್ಟರ್ಸು, ಪಾಳು ಕಚೇರಿ, ಜಪ್ತಿ ಮಾಡಿ ನಿಲ್ಲಿಸಿದ ಗಾಡಿಗಳ ಅಂಗಳ, ಇವೂ ಅದೇ ಕಣ್ಣಿಗೆ ಬೀಳಬೇಕು ಅನ್ನುವುದು ನನ್ನ ಆಸೆ.

ತಿಗಣೆ ಬಗ್ಗೆ ಪಿಜಿ, ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಒಂದು ಮಾತು: ಬಟ್ಟೆ, ಹೊದಿಕೆಯನ್ನು 60 ಡಿಗ್ರಿ ಬಿಸಿ ನೀರಲ್ಲಿ ಒಗೆದರೆ ಸಾಯುತ್ತದೆ, ಸೆಂಟು ಹೊಡೆದರೆ ಅಲ್ಲ. ತಿಗಣೆ ಬರುವುದಕ್ಕೂ ಕೊಳಕಿಗೂ ಸಂಬಂಧ ಇಲ್ಲ, ನಾಚಿಕೆ ಪಡದೆ ವಾರ್ಡನ್ನಿಗೆ ಹೇಳಿ.

ದಸರಾ ಬೊಂಬೆಯ ಪೆಟ್ಟಿಗೆ ಇರುವವರು ಬೊಂಬೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿಡಬೇಡಿ. ಪೇಪರ್ ಚಿಟ್ಟಿಲಿಗೆ ಗೂಡಾಗುತ್ತದೆ, ಹುಳಕ್ಕೆ ಊಟವಾಗುತ್ತದೆ. ಒಗೆದ ಹತ್ತಿ ಸೀರೆಯ ತುಂಡು, ಜೊತೆಗೆ ಬಜೆ ಬೇರು, ಬಿಗಿ ಮುಚ್ಚಳದ ಟ್ರಂಕು. ನಮ್ಮ ಅಜ್ಜಿಯ ಕಾಲದ ಪಟ್ಟದ ಬೊಂಬೆ ಹೀಗೇ ಉಳಿದು ಬಂದಿದೆ.

ಹುಳದಿಂದ ಏನನ್ನಾದರೂ ಕಾಪಾಡುವುದು ಮೈಸೂರಿಗೆ ಹೊಸದಲ್ಲ. ಇಲ್ಲಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ತಾಳೆಗರಿಗಳಿಗೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿ ನೋಡಿಕೊಳ್ಳುತ್ತಾರೆ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಅಲ್ಲಿನ ತಾಳೆಗರಿಯಲ್ಲೇ. ಆ ಗ್ರಂಥ ದೇಶಕ್ಕೆ ಬರುವ ಎಂಟು ಮಹಾ ಆಪತ್ತುಗಳನ್ನು ಹೇಳುವಾಗ ಬೆಂಕಿ, ನೆರೆ, ರೋಗ, ಬರಗಾಲದ ಜೊತೆಗೇ ಇಲಿಯನ್ನೂ ಸೇರಿಸುತ್ತದೆ. ಬೆಕ್ಕು ಮುಂಗುಸಿ ಬಿಡಿ, ಕಳ್ಳಿ ಹಾಲು ಬೆರೆಸಿದ ಕಾಳು ಹಾಕಿ ಎನ್ನುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಮದ್ದಲ್ಲ. ಇಲಿಯ ಕಾಟವನ್ನು ಅದು ಒಂದೊಂದು ಮನೆಯ ತಲೆಗೆ ಕಟ್ಟಿಲ್ಲ, ರಾಜ್ಯದ ಕೆಲಸ ಅಂದಿದೆ.

ಹಾಗಾದರೆ ಇವತ್ತು ಊರಿನ ಆಸ್ತಿಗಳಲ್ಲಿ ಈ ಕೆಲಸ ಹೇಗೆ ನಡೆಯಬೇಕು? ಮಾರ್ಕೆಟ್ಟು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಪಾರ್ಕು, ಗ್ರಂಥಾಲಯ, ಎಲ್ಲ ಕಡೆ ಸಾಮಾನ್ಯವಾಗಿ ಆಗುವುದು ಒಂದೇ. ಇಲಿ ಕಚ್ಚಿತು ಅಂತ ಪೇಪರಿನಲ್ಲಿ ಬಂದ ಮೇಲೆ ಗುತ್ತಿಗೆ ಕೊಡುತ್ತಾರೆ. ಗುತ್ತಿಗೆಯಲ್ಲಿ ತಿಂಗಳಿಗೆ ಎಷ್ಟು ಸಲ ಸಿಂಪಡಣೆ ಎಂದು ಬರೆದಿರುತ್ತದೆ. ಎಷ್ಟು ಬಿಲ ಮುಚ್ಚಿದರು, ಎಷ್ಟು ಬಾಗಿಲಿಗೆ ತಗಡು ಹೊಡೆದರು, ಹಿಕ್ಕೆ ಕಡಿಮೆಯಾಯಿತಾ ಎಂದು ಬರೆದಿರುವುದಿಲ್ಲ. ನನ್ನ ಪ್ರಕಾರ ದುಡ್ಡು ಕೊಡಬೇಕಾದದ್ದು ಈ ಲೆಕ್ಕಕ್ಕೆ. ಸಿವಿಲ್ ವಿಭಾಗದವರು, ಆರೋಗ್ಯ ವಿಭಾಗದವರು, ಕಸದ ಗಾಡಿಯವರು ಒಂದೇ ಮೇಜಿನ ಸುತ್ತ ಕೂರಬೇಕು. ಕಟ್ಟಡದ ನಕ್ಷೆಯಲ್ಲಿ ಬಿಲ, ಪಾಷಾಣದ ಪೆಟ್ಟಿಗೆ, ಬೋನು ಎಲ್ಲಿದೆ ಎಂದು ಗುರುತಿರಬೇಕು. ಪೆಟ್ಟಿಗೆಗೆ ಬೀಗ ಇರಬೇಕು. ಪೆಸ್ಟ್ ಕಂಟ್ರೋಲ್ ಮಾಡುವವರಿಗೆ 1968ರ ಕೀಟನಾಶಕ ಕಾಯ್ದೆಯಡಿ ಲೈಸೆನ್ಸ್ ಬೇಕು. ನಿಮ್ಮ ಮನೆಗೆ ಬಂದವರನ್ನೂ ಕೇಳಿ. ಯಾವ ಮದ್ದು, ಎಷ್ಟು ಶೇಕಡಾ, ಉಳಿದದ್ದನ್ನು ವಾಪಸ್ ಒಯ್ಯುತ್ತೀರಾ ಎಂದೂ ಕೇಳಿ. ಒಳ್ಳೆಯ ಕೆಲಸಗಾರರು ಬೇಜಾರಿಲ್ಲದೆ ಹೇಳುತ್ತಾರೆ.

ಸೂರತ್ತಿನಲ್ಲಿ 1994ರಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟಿದ್ದರು. ಆಮೇಲೆ ಬಂದ ಪಾಲಿಕೆ ಆಯುಕ್ತ ಎಸ್.ಆರ್. ರಾವ್ ಅವರು ಅಧಿಕಾರಿಗಳನ್ನು ದಿನಾ ಬೀದಿಗೆ ಇಳಿಸಿ ಕಸ, ಚರಂಡಿ ನೋಡಿಸಿದರು. ಕೆಲವೇ ವರ್ಷದಲ್ಲಿ ಆ ಊರು ಶುಚಿಗೆ ಹೆಸರಾಯಿತು. ಮೈಸೂರು 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಕುಂಬಾರಕೊಪ್ಪಲಿನಲ್ಲಿ ಕಸ ಬೇರೆ ಮಾಡಿ ಗೊಬ್ಬರ ಮಾಡುವ ಘಟಕವನ್ನು ನೋಡಲು ಬೇರೆ ಊರಿನವರು ಬರುತ್ತಾರೆ. ನಮಗೆ ಕೈಲಾಗದ ಕೆಲಸ ಅಲ್ಲ ಇದು. ಮುಂದಿನ ಬೀದಿಗೆ ತೋರಿಸಿದ ಅಕ್ಕರೆಯನ್ನು ಹಿಂದಿನ ಗಲ್ಲಿಗೂ ತೋರಿಸಬೇಕು.

ನಮ್ಮ ಗಲ್ಲಿಯಲ್ಲಿ ಇನ್ನೂ ಬಾಕಿ ಇರುವುದು ಶಾಲೆಯ ಹಿಂದಿನ ಗೋಡೆ. ಬಿಸಿಯೂಟದ ಅಕ್ಕಿ ಇಡುವ ಕೋಣೆ ಆ ಗೋಡೆಗೇ ಅಂಟಿಕೊಂಡಿದೆ. ಬುಡದಲ್ಲಿ ಮೂರು ಕಡೆ ಕಲ್ಲು ಸಡಿಲವಾಗಿದೆ, ಬಾಗಿಲ ಕೆಳಗೆ ಕೈ ಹೋಗುವಷ್ಟು ಸಂದಿದೆ. ಅರ್ಜಿ ಕೊಟ್ಟಿದ್ದೇವೆ, ಮೇಸ್ತ್ರಿಯಿಂದ ಖರ್ಚಿನ ಪಟ್ಟಿ ಬರೆಸಿ ಲಗತ್ತಿಸಿದ್ದೇವೆ. ಅಕ್ಕಿ ಮೂಟೆಗಳನ್ನು ಗೋಡೆಯಿಂದ ಒಂದಡಿ ದೂರ, ಮರದ ಹಲಗೆ ಮೇಲೆ ಇಡಲು ಅಡುಗೆಯಮ್ಮಂದಿರು ಈಗಲೇ ಶುರು ಮಾಡಿದ್ದಾರೆ. ಗೋಡೆ ಮತ್ತು ಮೂಟೆ ನಡುವೆ ದಾರಿ ಇದ್ದರೆ ಹಿಕ್ಕೆ ಬಿದ್ದದ್ದು ಕೂಡಲೇ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಕೋಣೆ ಖಾಲಿ ಇರುವಾಗ, ಮುಂಗಾರಿಗೆ ಮೊದಲು, ಗಾರೆ ಕೆಲಸ ಮುಗಿಯಬೇಕು. ಮಂಜೂರಾತಿ ತಡವಾದರೆ ಪೋಷಕರು ಮತ್ತು ಬೀದಿಯವರು ಸೇರಿ, ಮುಖ್ಯೋಪಾಧ್ಯಾಯಿನಿಯವರ ಒಪ್ಪಿಗೆ ಪಡೆದು, ಬಾಗಿಲಿಗೆ ತಗಡನ್ನಾದರೂ ಹೊಡೆಸುವುದು ಎಂದು ಮಾತಾಗಿದೆ.